ತಲೆಯ ಬೆಲೆ

ಎಲೆಯಾಟದಲ್ಲಿ ಎರಡು ಬಗೆಯ ಧೈರ್ಯಗಳುಂಟು. ಉಳಿದ ನಾಲ್ಕು ಕಾಸನ್ನೂ ಒಮ್ಮೆಗೇ ಮುಂದಕ್ಕೆ ನೂಕಿ ‘ಆದದ್ದಾಗಲಿ’ ಎನ್ನುವವನದು ಒಂದು. ರಾಶಿ ಹಾಕಿಕೊಂಡು ಕುಳಿತು ‘ಬಾ, ನೋಡಿಯೇ ಬಿಡೋಣ’ ಎನ್ನುವವನದು ಇನ್ನೊಂದು. ಪಗಡೆಯ ಧರ್ಮರಾಯನಿಂದ ಹಿಡಿದು ಇಂದಿನವರೆಗೆ ಲೋಕದ ಕನಿಕರ, ಕುತೂಹಲಗಳೆಲ್ಲ ಸರ್ವಸ್ವವನ್ನೂ ಒಡ್ಡಿದವನ ಕಡೆಗೇ. ಆ ಒಡ್ಡನ್ನು ಒಪ್ಪಿಕೊಂಡವನ ಮನಸ್ಸಿನೊಳಗೆ ಇಣುಕಿದವರು ಕಡಿಮೆ. ಅಲ್ಲಿರುವುದು ಧೈರ್ಯವೋ, ಲೆಕ್ಕವೋ, ಬರಿಯ ಆಸೆಯೋ?

ಶಹಾಪುರದ ಒಂದು ಮನೆಯಲ್ಲಿ ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ಅಳಿಯ ಎಲ್ಲರಿಗೂ ಪೋಕರ್ ಆಟ ಕಲಿಸಿದ. ಹಣದ ಮಾತಿಲ್ಲ. ಹಣವೊಡ್ಡಿ ಆಡುವ ಅಂತರ್ಜಾಲದ ಆಟಗಳನ್ನು ಸಂಸತ್ತು 2025ರಲ್ಲಿ ಕಾಯಿದೆ ಮಾಡಿ ನಿಷೇಧಿಸಿತು. ಮನೆಯ ಅಜ್ಜಿಯ ಕಾಯಿದೆ ಅದಕ್ಕಿಂತ ಹಳೆಯದು, ಅದಕ್ಕಿಂತ ಕಠಿಣವಾದುದು. ಆದ್ದರಿಂದ ಜಮಖಾನೆಯ ಮೇಲೆ ಹುಣಸೆ ಬೀಜಗಳೇ ನಾಣ್ಯಗಳಾದುವು. ಒಬ್ಬೊಬ್ಬರಿಗೆ ಗುಟ್ಟಾಗಿ ಎರಡೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ. ಈ ಏಳರಲ್ಲಿ ಮೇಲಾದ ಐದನ್ನು ಕೂಡಿಸಿದವರಿಗೆ ಗೆಲುವು. ಬೀಜ ತೀರಿದವರು ಎದ್ದು ಹೋಗಬೇಕು. ಇದಕ್ಕೆ ‘ಬೌಂಟಿ’ ಎಂಬ ಒಗ್ಗರಣೆ ಬೇರೆ. ಒಬ್ಬರನ್ನು ಆಟದಿಂದ ಎಬ್ಬಿಸಿದವರಿಗೆ ಆ ತಲೆಯ ಲೆಕ್ಕದಲ್ಲಿ ಪ್ರತ್ಯೇಕ ಬಹುಮಾನ. ಅಂದು ಒಂದು ತಲೆಗೆ ಒಂದು ಶೇಂಗಾ ಉಂಡೆ.

ಕಲಿಸಿದ ಗುರುವಿನ ಬೀಜಗಳೇ ಮೊದಲು ಕರಗಿದುವು. ಕೊನೆಗೆ ಎಕ್ಕ, ರಾಜ ಎರಡೂ ಕೈಗೆ ಬಂದಾಗ ಅವನು ಉಳಿದುದನ್ನೆಲ್ಲ ನೂಕಿದ. ಎದುರಿಗೆ ಕುಳಿತ ಮಾವನವರು ಕ್ಷಣವೂ ಯೋಚಿಸದೆ ಅಷ್ಟೇ ಬೀಜಗಳನ್ನು ಮುಂದಿಟ್ಟರು. ತೆರೆದು ನೋಡಿದರೆ ಅವರ ಕೈಯಲ್ಲಿದ್ದುದು ಬಣ್ಣ ಕೂಡದ ಏಳು ಮತ್ತು ಎರಡು!

“ಮಾವಾರ, ಇಂಥಾ ಎಲಿ ಇಟಗೊಂಡು ಹೆಂಗ ಬಂದ್ರಿ?”

“ಎಲಿ ನೋಡಿ ಬಂದಿಲ್ರಿ ಅಳಿಯಂದ್ರ, ನಿಮ್ಮ ತಲಿ ನೋಡಿ ಬಂದೀನಿ.”

ಮಾತು ನಗೆಯದಾದರೂ ಲೆಕ್ಕ ಪಕ್ಕಾ. ಎಲ್ಲರೂ ಐವತ್ತು ಬೀಜಗಳಿಂದ ಆಟ ಆರಂಭಿಸಿದ್ದರು. ಅಳಿಯ ಒಡ್ಡಿದ್ದು 40. ನಡುವೆ ಮೊದಲೇ ಬಿದ್ದಿದ್ದುದು 10. ಮಾವನವರು 40 ಕೊಟ್ಟು 50ನ್ನು ಗೆಲ್ಲಬೇಕು. ಬರಿಯ ಆಟವಾಗಿದ್ದರೆ ನೂರಕ್ಕೆ ಸುಮಾರು 44 ಸಲವಾದರೂ ಗೆಲ್ಲುವ ಎಲೆ ಇದ್ದರೆ ಮಾತ್ರ ಈ ವ್ಯಾಪಾರ ಗಿಟ್ಟೀತು. ಆದರೆ ಉಂಡೆಯ ಬೆಲೆ ಐವತ್ತು ಬೀಜವೆಂದು ಇಟ್ಟುಕೊಂಡರೆ ಗೆಲುವಿನ ಗಂಟು ನೂರಾಗುತ್ತದೆ. ಆಗ ನೂರಕ್ಕೆ 29 ಸಲ ಗೆದ್ದರೂ ನಷ್ಟವಿಲ್ಲ. ಎಕ್ಕ-ರಾಜರ ಎದುರು ಏಳು-ಎರಡರಂಥ ದರಿದ್ರ ಎಲೆಗಳೂ ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಗೆಲ್ಲುತ್ತವೆ. ದೊಡ್ಡ ಪಂದ್ಯಗಳಲ್ಲಿ ಪ್ರವೇಶಧನದ ಅರ್ಧವನ್ನೇ ತಲೆಗಳಿಗೆ ಮೀಸಲಿಡುವುದುಂಟು. ಅಲ್ಲಿಯ ಲೆಕ್ಕವೂ ಇದೇ ಜಾಡಿನದು.

ಹಾಗೆಂದು ಕಂಡ ತಲೆಗೆಲ್ಲ ಕೈಚಾಚುವಂತಿಲ್ಲ. ಎದುರಾಳಿಯ ಕೈಯಲ್ಲಿ ಎರಡು ಎಕ್ಕಗಳಿದ್ದರೆ ಏಳು-ಎರಡಕ್ಕೆ ಗೆಲುವು ಎಂಟರಲ್ಲಿ ಒಂದು ಸಲ ಮಾತ್ರ. ತನ್ನ ರಾಶಿ ಎದುರಾಳಿಯದಕ್ಕಿಂತ ಚಿಕ್ಕದಾಗಿದ್ದರೆ ಗೆದ್ದರೂ ತಲೆ ದಕ್ಕದು. ಸರದಿಯಲ್ಲಿ ಹಿಂದೆ ಕುಳಿತವರು ಇನ್ನೂ ಬಾಯಿ ಬಿಟ್ಟಿಲ್ಲವೆಂಬುದನ್ನೂ ಮರೆಯಬಾರದು. ಆಟ ಮುಂದುವರಿದಂತೆ ರಾಶಿಗಳು ಬೆಳೆಯುತ್ತವೆ, ಉಂಡೆ ಮಾತ್ರ ಉಂಡೆಯಾಗಿಯೇ ಉಳಿಯುತ್ತದೆ. ಅದರ ತೂಕ ತಾನಾಗಿ ಇಳಿಯುತ್ತದೆ. ಇಷ್ಟನ್ನೂ ನೋಡಿ ಒಪ್ಪಿದವನು ಜಾಣ. ನೋಡದೆ ಒಪ್ಪಿದವನು ಮುಂದಿನ ಬೇಟೆ.

ಈ ಲೆಕ್ಕದ ತಳದಲ್ಲಿ ಒಂದು ಕಹಿಯೂ ಇದೆ. ತಲೆಗೆ ಬೆಲೆ ಕಟ್ಟಿದೊಡನೆ ಆಟಗಾರನ ಕಣ್ಣು ತನ್ನ ಎಲೆಯಿಂದ ಎದುರಾಳಿಯ ತಲೆಗೆ ಜಾರುತ್ತದೆ. ರಾಶಿಯುಳ್ಳವನಿಗೆ ನಲವತ್ತು ಬೀಜ ಹೋದರೆ ಒಂದು ಕೈ ಹೋದಂತೆ. ಬಡವನಿಗೆ ಅದೇ ನಲವತ್ತು ಹೋದರೆ ಆಟವೇ ಹೋದಂತೆ. ಯಾದಗಿರಿಯ ಸೀಮೆಯಲ್ಲಿ ಮಳೆಯನ್ನೇ ನಂಬಿ ಹತ್ತಿ, ತೊಗರಿ ಬಿತ್ತುವ ಸಣ್ಣ ಹಿಡುವಳಿದಾರನು ಬೀಜ, ಗೊಬ್ಬರ, ಕೂಲಿಯೆಂದು ಇದ್ದುದನ್ನೆಲ್ಲ ಒಂದೇ ಮುಂಗಾರಿಗೆ ಒಡ್ಡುತ್ತಾನೆ. ಅವನಿಗೆ ಸಾಲ ಕೊಡುವವನು ಬೆಳೆಯ ಬಲವನ್ನು ನೋಡಿ ಕೊಟ್ಟರೆ ಅದು ಪಾಲುಗಾರಿಕೆ. ಬೆಳೆ ಬಂದರೆ ಬಡ್ಡಿ, ಬಾರದಿದ್ದರೆ ಹೊಲ ಎಂದು ಕೊಟ್ಟರೆ ಅದು ತಲೆ ನೋಡಿ ಇಟ್ಟ ಬೀಜ.

ಈ ನೆಲ ಇಂಥ ಆಟವನ್ನು ಹಿಂದೊಮ್ಮೆ ಕಂಡಿದೆ. ಸುರಪುರ ಬೆಟ್ಟಗಳ ನಡುವಿನ ಪುಟ್ಟ ಸಂಸ್ಥಾನ. 1841ರಿಂದ 1853ರವರೆಗೆ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಕಣ್ಣೆದುರೇ ಬೆಳೆದವನು ರಾಜಾ ವೆಂಕಟಪ್ಪ ನಾಯಕ. 1858ರ ಫೆಬ್ರವರಿಯಲ್ಲಿ ಆ ತರುಣ ತನ್ನಲ್ಲಿದ್ದುದನ್ನೆಲ್ಲ ಒಡ್ಡಿ ಆಂಗ್ಲರ ಮೇಲೆ ಎದ್ದನು. ಅವನೆದುರು ಮೊದಲು ಬಂದ ಕ್ಯಾಪ್ಟನ್ ವಿಂಡ್‌ಹ್ಯಾಮನ ಪಡೆ ದೊಡ್ಡದೇನಾಗಿರಲಿಲ್ಲ. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಆದರೇನು? ಬೆನ್ನಿಗೇ ಕರ್ನಲ್ ಮಾಲ್ಕಮನ ದಂಡು ಬಂದಿತು. ಸೋತರೆ ಇನ್ನೊಂದು ದಂಡು ಕಳುಹಿಸಬಲ್ಲವನು ದುರ್ಬಲವಾದ ಕೈಯಿಂದಲೂ ಆಡಬಲ್ಲ. ನಾಯಕನಿಗೆ ಎರಡನೆಯ ಕೈ ಇರಲಿಲ್ಲ. ಹೈದರಾಬಾದಿನಲ್ಲಿ ಸೆರೆಸಿಕ್ಕಿದ ಅವನಿಗೆ ಮರಣದಂಡನೆಯಾಗಿ, ಅದು ಕಡೆಗೆ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲೇ ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡನು. 1860ರ ಒಪ್ಪಂದದಲ್ಲಿ ಬ್ರಿಟಿಷರು ದಂಗೆಯ ಕಾಲದಲ್ಲಿ ತಮ್ಮ ಪಕ್ಷ ಹಿಡಿದ ನಿಜಾಮನಿಗೆ ಐವತ್ತು ಲಕ್ಷ ರೂಪಾಯಿಯ ಸಾಲ ಮನ್ನಾ ಮಾಡಿದರು; ಜೊತೆಗೆ ಸುರಪುರವನ್ನೂ ಕೊಟ್ಟರು. ಒಬ್ಬನ ತಲೆಯ ಬೆಲೆ ಇನ್ನೊಬ್ಬನ ಮಡಿಲಿಗೆ ಬಿದ್ದಿತು.

ಹಬ್ಬದ ಆಟದಲ್ಲಿ ತಲೆಯ ಬೆಲೆ ನೋಡಿ ಬೀಜ ಇಡುವುದು ತಪ್ಪಲ್ಲ. ಸೋತವನಿಗೆ ಅಡುಗೆಮನೆಯಲ್ಲಿ ಉಂಡೆಯ ಡಬ್ಬಿ ಇದ್ದೇ ಇರುತ್ತದೆ. ಆಟದ ಹೊರಗೆ ಎದುರಿನವನು ತನ್ನಲ್ಲಿರುವುದನ್ನೆಲ್ಲ ಮುಂದಿಟ್ಟು ಕುಳಿತಾಗ, ‘ನನಗೇನು ಸಿಕ್ಕೀತು’ ಎಂದು ಎಣಿಸುವ ಮೊದಲು ‘ಸೋತರೆ ಇವನು ಎದ್ದು ಎಲ್ಲಿಗೆ ಹೋದಾನು’ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಅದು ಯಾವ ಗಣಿತದ ಪುಸ್ತಕದಲ್ಲಿಯೂ ಇಲ್ಲದ ಲೆಕ್ಕ. ಆದರೆ ಸಂಸಾರಗಳು ನಿಂತಿರುವುದು ಆ ಲೆಕ್ಕದ ಮೇಲೆ.