ಮಾಂಡವಿಯ ದಡದಲ್ಲಿ ಒಂದು ಹಳೆಯ ಹಾಯಿದೋಣಿ

ಕಳೆದ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ನಾವು ಮನೆಮಂದಿಯೆಲ್ಲ ಮಂಜೇಶ್ವರದ ಕಡೆಯಿಂದ ರೈಲಿನಲ್ಲಿ ಗೋವೆಗೆ ಹೋಗಿದ್ದೆವು. ಹಳೆ ಗೋವೆಯ ಬೊಂ ಜೇಸು ಬಸಿಲಿಕವನ್ನು ಸಂದರ್ಶಿಸಿ ಹೊರಗೆ ಬಂದಾಗ, ನಮ್ಮನ್ನು ಕರೆದೊಯ್ಯಲು ಬಂದಿದ್ದ ಭಾವನವರು, "ನನ್ನ ಕೆಲಸದ ಜಾಗವನ್ನೂ ನೋಡಿ ಹೋಗಿ" ಎಂದರು. ಅವರಿಗೆ ಮಾಂಡವಿ ನದಿಯ ದಡದಲ್ಲಿ ದೋಣಿ ರಿಪೇರಿಯ ಕೆಲಸ.

ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡವಿ. ಇದೇ ನದಿಯ ದಿವಾರ್ ದ್ವೀಪದಲ್ಲಿ ತಯಾರಾದ ನೌಕಾಪಡೆಯ ಹಾಯಿದೋಣಿಗೂ ಆ ನದಿಯದೇ ಹೆಸರು. ಅದರಲ್ಲಿ ದಿಲೀಪ್ ದೋಂದೆಯವರು 2009-10ರಲ್ಲಿ ಒಬ್ಬರೇ ಜಗತ್ತು ಸುತ್ತಿ ಬಂದರು.

ನಾವು ನೋಡಿದ್ದು ಅಂಥ ಕೀರ್ತಿಯ ದೋಣಿಯಲ್ಲ. ಸುಮಾರು 30 ವರ್ಷ ಹಳೆಯ ಫೈಬರ್ ದೋಣಿ. ಮಳೆಗಾಲಕ್ಕೆಂದು ಮೇಲೆಳೆದು ಕಂಬಗಳ ಆಧಾರದಲ್ಲಿ ನಿಲ್ಲಿಸಿದ್ದರು. ಹೊಸ ಬಣ್ಣ ಬಳಿದಿದ್ದರಿಂದ ಮದುವಣಗಿತ್ತಿಯಂತಿತ್ತು. ಆದರೆ ನೀರಿನಲ್ಲಿ ಮುಳುಗುವ ಭಾಗದಲ್ಲಿ ಆರು ತೂತು!

"ಮಾವಾ, ದೋಣಿಗೆ ಯಾರಾದರೂ ತೂತು ಮಾಡುತ್ತಾರಾ?" ಎಂದಳು ಚಿಕ್ಕ ಮಗಳು.

ಮಾಡಲೇಬೇಕಂತೆ. ಎಂಜಿನ್ ತಂಪಾಗಲು ನೀರು ಒಳಗೆ ಬರಬೇಕು, ಪಾತ್ರೆ ತೊಳೆದ ನೀರು, ಶೌಚದ ನೀರು ಹೊರಗೆ ಹೋಗಬೇಕು. ತೂತಿಗೊಂದು ಲೋಹದ ಕೊಳವೆ, ಒಳಗಡೆ ಅದಕ್ಕೊಂದು ವಾಲ್ವ್, ವಾಲ್ವಿಗೆ ರಬ್ಬರ್ ಪೈಪು, ಪೈಪಿಗೆ ಎರಡೆರಡು ಸ್ಟೀಲ್ ಕ್ಲಿಪ್ಪು. ಇವುಗಳಲ್ಲಿ ಒಂದು ಕೈಕೊಟ್ಟರೂ ಸಾಕು. ನೀರಿನ ಮಟ್ಟಕ್ಕಿಂತ ಎರಡು ಅಡಿ ಕೆಳಗಿರುವ ಒಂದೂವರೆ ಇಂಚಿನ ತೂತಿನಿಂದ ನಿಮಿಷಕ್ಕೆ 100 ಲೀಟರಿಗೂ ಹೆಚ್ಚು ನೀರು ನುಗ್ಗುತ್ತದೆ. ರಾತ್ರಿ ಎಲ್ಲರೂ ಮಲಗಿರುವಾಗ ಹೀಗಾದರೆ?

ಭಾವನವರು ಒಂದೊಂದನ್ನೇ ಚಾಕುವಿನಿಂದ ಕೆರೆದು, ಸಣ್ಣ ಸುತ್ತಿಗೆಯಿಂದ ತಟ್ಟಿದರು. ಒಳ್ಳೆಯ ಕಂಚು ಕೆರೆದಲ್ಲಿ ಹೊನ್ನಿನಂತೆ ಹೊಳೆಯಿತು, ತಟ್ಟಿದರೆ ಗಣಗಣ ಎಂದಿತು. ಐದನೆಯದು ಮಾತ್ರ ಗುಲಾಬಿ ಬಣ್ಣ, ಸದ್ದೂ ಸತ್ತ ಸದ್ದು. ಹಿಂದೆ ಯಾರೋ ಖರ್ಚು ಉಳಿಸಲು ಹಿತ್ತಾಳೆಯದ್ದು ಹಾಕಿದ್ದರು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಉಪ್ಪುನೀರು ವರ್ಷಗಟ್ಟಲೆ ಸತುವನ್ನು ಎಳೆದುಕೊಂಡು ಹೋಗಿ, ಉಳಿಯುವುದು ಟೊಳ್ಳು ತಾಮ್ರ. ಸ್ಪಾನರ್ ಹಾಕಿ ಸ್ವಲ್ಪ ತಿರುಗಿಸಿದ್ದೇ ತಡ, ರಸ್ಕಿನಂತೆ ಮುರಿದು ಅವರ ಅಂಗೈಗೆ ಬಂತು. ನಾವು ಮುಖ ಮುಖ ನೋಡಿಕೊಂಡೆವು.

ಅಷ್ಟರಲ್ಲಿ ಮಾಲಕರ ಫೋನು. ಮುಂದಿನ ವಾರವೇ ಹೆಂಡತಿ ಮಕ್ಕಳೊಂದಿಗೆ ಹೊರಡಬೇಕಂತೆ, ಬಣ್ಣ ಆಯಿತಲ್ಲ, ಇಳಿಸಿಬಿಡಿ ಎಂಬ ಒತ್ತಾಯ. ಭಾವನವರು ಸಾಮಾನ್ಯವಾಗಿ ಮೆತ್ತಗಿನ ಮನುಷ್ಯ. ಅಂದು ಮಾತ್ರ, "ಇಳಿಸುವುದಿಲ್ಲ ಸಾರ್. ಬೇಕಾದರೆ ಬೇರೆಯವರ ಕೈಯಲ್ಲಿ ಇಳಿಸಿಕೊಳ್ಳಿ" ಎಂದು ಫೋನಿಟ್ಟರು. ಕೆಲಸ ಹೋದರೆ ಎಂದು ನಮಗೇ ಎದೆ ಡವಗುಟ್ಟಿತು. ಅತ್ತಿಗೆಯವರು ಏನೂ ಮಾತಾಡಲಿಲ್ಲ.

ಸಂಜೆಯವರೆಗೂ ಅಲ್ಲೇ ಇದ್ದೆವು. ಬಿಗಿದುಹೋಗಿದ್ದ ಎರಡು ವಾಲ್ವುಗಳನ್ನು ಬಿಚ್ಚಿ ಗ್ರೀಸ್ ಹಚ್ಚಿದರು. ತಿಂಗಳಿಗೊಮ್ಮೆಯಾದರೂ ತಿರುಗಿಸಿ ಮುಚ್ಚಿ ತೆರೆಯದಿದ್ದರೆ, ಬೇಕಾದ ಹೊತ್ತಿಗೆ ಹಿಡಿ ಅಲುಗುವುದೇ ಇಲ್ಲವಂತೆ. ಪ್ರತಿ ತೂತಿನ ಪಕ್ಕ ಅದರ ಅಳತೆಯ ಮರದ ಬಿರಡೆಯೊಂದನ್ನು ಹಗ್ಗದಿಂದ ಕಟ್ಟುವ ಕೆಲಸ ಮಕ್ಕಳಿಗೆ ಸಿಕ್ಕಿತು. ಪೈಪು ಕಿತ್ತುಬಂದರೆ ಕತ್ತಲಲ್ಲೂ ಕೈಗೆ ಸಿಗಬೇಕಲ್ಲ!

ಮರುದಿನ ಮಾಲಕರೇ ಬಂದು ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದರಂತೆ. ಕಂಚಿನದು ಬರಲು ಮೂರು ವಾರ ಹಿಡಿಯಿತು. ದೋಣಿಯನ್ನು ನೀರಿಗಿಳಿಸಿದರೂ ಕ್ರೇನಿನ ಪಟ್ಟಿ ಬಿಚ್ಚುವ ಮೊದಲು ಭಾವನವರು ಟಾರ್ಚ್ ಹಿಡಿದು ಒಳಗೆ ಕುಳಿತು ಆರೂ ಕಡೆ ಬೆರಳಿಟ್ಟು ನೋಡಿದರು. ಒಂದು ಕ್ಲಿಪ್ಪಿನ ಬಳಿ ಮಾತ್ರ ಒದ್ದೆಯಿತ್ತಂತೆ, ಅರ್ಧ ಸುತ್ತು ಬಿಗಿ ಮಾಡಿದರು.