ಯಾನ್ ಪೋಪೆ, ಆಯೆ ಪೋಪೆ

ದೀಪಾವಳಿ ರಜೆಗೆ ಪಾಣೆಮಂಗಳೂರಿಗೆ ಹೋಗಿದ್ದೆ. ಎರಡನೇ ದಿನವೇ ಪಕ್ಕದ ಮನೆಯಿಂದ ಬುಲಾವ್ ಬಂತು. ಅವರ ಎಂಟನೇ ಕ್ಲಾಸಿನ ಮಗಳು ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದಾಳಂತೆ. ಕ್ಲಾಸಿನಲ್ಲಿ ಎದ್ದು ಓದಿದಾಗ ಎಲ್ಲರೂ ನಕ್ಕರಂತೆ. "ನೀನು ದಿನಾ ಅಮೆರಿಕಾದವರ ಹತ್ರ ಮಾತಾಡ್ತಿಯಲ್ಲ, ಸ್ವಲ್ಪ ಹೇಳಿಕೊಡು ಮಾರಾಯ" ಅಂದರು ಅವಳಮ್ಮ. ನಾನು ಹೆಚ್ಚಾಗಿ ಮಾತಾಡುವುದು ಕಂಪ್ಯೂಟರಿನ ಹತ್ತಿರ, ಅದಕ್ಕೆ ಉಚ್ಚಾರ ಬೇಕಿಲ್ಲ ಅಂತ ಹೇಳಲು ಹೋಗಲಿಲ್ಲ :-)

ಓದಿಸಿ ನೋಡಿದೆ. ಅವಳು ಎಡವುತ್ತಿದ್ದದ್ದು 'ಮ್ಯಾನ್' ಎಂಬಲ್ಲಿ. ಮಕಾರದ ಬೆನ್ನಿಗೆ ಸ್ಪಷ್ಟವಾಗಿ 'ಯಾ' ಸೇರಿಸಿ ಮ್-ಯಾನ್ ಅನ್ನುತ್ತಿದ್ದಳು. ತಿದ್ದಲು ಹೋದರೆ 'ಮೆನ್' ಆಗುತ್ತಿತ್ತು, ಒಬ್ಬನಿದ್ದವ ಹಲವರಾಗಿಬಿಡುತ್ತಿದ್ದ! ತಪ್ಪು ಅವಳದಲ್ಲ. ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಹಾಗಾಗಿ ಬ್ಯಾಂಕ್, ಬ್ಯಾಟ್ ಎಂದು ಯ-ಒತ್ತು ಕೊಟ್ಟು ಬರೆಯುತ್ತೇವೆ. ಬರೆದದ್ದನ್ನು ಬರೆದ ಹಾಗೇ ಓದುವುದು ಒಂದನೇ ಕ್ಲಾಸಿನಿಂದ ನಮಗೆ ಬಂದ ಅಭ್ಯಾಸ.

ಸರಿ, ವರ್ಣಮಾಲೆಯಿಂದಲೇ ಶುರು ಮಾಡಿದೆ. ಕ, ಚ, ಟ, ತ, ಪ ಅಂತ ನಿಧಾನವಾಗಿ ಹೇಳಿಸಿದೆ. ಗಂಟಲ ಹತ್ತಿರ ಹೊರಟ ದನಿ ಒಂದೊಂದೇ ಹೆಜ್ಜೆ ಮುಂದೆ ಬಂದು ತುಟಿ ಮುಟ್ಟುತ್ತದೆ. ಇಂಥ ನಕ್ಷೆ ಎಬಿಸಿಡಿಯಲ್ಲಿ ಎಲ್ಲಿದೆ? ಇಂಗ್ಲಿಷಿನ 'ಟೀ' ನಮ್ಮ ಟಕಾರವೂ ಅಲ್ಲ, ತಕಾರವೂ ಅಲ್ಲ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಿನ ದಿಬ್ಬಕ್ಕೆ ತಾಗಬೇಕು. ಬಾಯೆದುರು ಕಾಗದದ ಚೂರು ಹಿಡಿದು 'ಪಿನ್' ಅನ್ನಿಸಿದೆ. ಇಂಗ್ಲಿಷಿನ ರೀತಿಯಲ್ಲಿ ಹೇಳಿದರೆ ಕಾಗದ ಅಲ್ಲಾಡಬೇಕು, 'ಸ್ಪಿನ್' ಅಂದರೆ ಅಲ್ಲಾಡಬಾರದು. ಆಮೇಲೆ ಕನ್ನಡಿ. ಒಳಂಗಿಯ 'ವೆಸ್ಟ್'ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮದ 'ವೆಸ್ಟ್'ಗೆ ತುಟಿ ದುಂಡಗಾಗಬೇಕು. ನಾವು ಎರಡನ್ನೂ ಒಂದೇ ವಕಾರದಲ್ಲಿ ಮುಗಿಸುತ್ತೇವೆ. ಇದೆಲ್ಲ ಅವಳಿಗೆ ಆಟದ ಹಾಗೆ ಬಂತು. 'ಮ್ಯಾನ್' ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.

ಅಷ್ಟರಲ್ಲಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಅಜ್ಜಿ, ಬಿ.ಸಿ. ರೋಡಿಗೆ ಯಾರು ಹೋಗುತ್ತೀರಿ ಅಂತ ತುಳುವಿನಲ್ಲಿ ಕೇಳಿದರು. "ಯಾನ್ ಪೋಪೆ" ಅಂದಳು ಹುಡುಗಿ. ಮತ್ತೆ ತಮ್ಮನ ಕಡೆ ನೋಡಿ, "ಅತ್ತ್, ಆಯೆ ಪೋಪೆ."

ನಾನು ಕೂತಲ್ಲಿಂದ ಎದ್ದೇಬಿಟ್ಟೆ.

ತುಳು ಬಾರದವರಿಗೆ ಹೇಳುತ್ತೇನೆ. ಮೊದಲನೆಯದು 'ನಾನು ಹೋಗುತ್ತೇನೆ', ಎರಡನೆಯದು 'ಅವನು ಹೋಗುತ್ತಾನೆ'. ಕನ್ನಡ ಲಿಪಿಯಲ್ಲಿ ಎರಡೂ 'ಪೋಪೆ'ಯೇ, ಬಾಯಲ್ಲಿ ಬೇರೆ ಬೇರೆ. 'ನಾನು' ಇದ್ದಾಗ ಕೊನೆಯ ಎಕಾರ ಬಾಯಿ ಅಗಲಿಸಿ ಬರುತ್ತದೆ, ಹೆಚ್ಚುಕಡಿಮೆ 'ಮ್ಯಾನ್'ನ ಸ್ವರ. 'ಅವನು' ಇದ್ದಾಗ 'ಮೆನ್'ನ ಸ್ವರ. "ಯಾನ್ ಪೋಪೆಯ ಬಾಲ ಹಿಡ್ಕೊ, ಮೊದಲಿಗೆ ಮ ಹಾಕು, ಕೊನೆಗೆ ನ್ ಹಾಕು" ಅಂದೆ. ಮೂರನೇ ಸಲಕ್ಕೆ ಬಂತು!

ಪ್ಯಾರಿಸ್ಸಿನಲ್ಲಿ ಪಾಲ್ ಪಾಸಿ ಮತ್ತಿತರ ಭಾಷಾ ಮೇಷ್ಟ್ರುಗಳು ಧ್ವನಿಶಾಸ್ತ್ರದ ಸಂಘ ಕಟ್ಟಿದ್ದು 1886ರಲ್ಲಿ. ನಿಘಂಟುಗಳಲ್ಲಿ ಕಾಣುವ ಅಂತಾರಾಷ್ಟ್ರೀಯ ಧ್ವನಿಲಿಪಿ ಆ ಸಂಘದ್ದು. ಅದೇ 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸು ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿತು. ಇವೆರಡನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದ ಶಾಲೆ ಮಾತ್ರ ನನಗೆ ಸಿಗಲಿಲ್ಲ.

ನಾನು ಓದಿದ ಶಾಲೆಯಲ್ಲಿ ತುಳು ಮಾತಾಡಿದರೆ ಐದು ರೂಪಾಯಿ ದಂಡ. ಇಂಗ್ಲಿಷ್ ಚೆನ್ನಾಗಿ ಬರಲಿ ಅಂತ! ನಾನೂ ಕಟ್ಟಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಲ್‌ಗಳಲ್ಲಿ 'ಬ್ಯಾಡ್ ಡೇಟಾ' ಅನ್ನಲು ಹೆದರಿ 'ರಾಂಗ್ ಡೇಟಾ' ಅನ್ನುತ್ತಿದ್ದೆ. ಬೇಕಾದ ಸ್ವರ ಅಮ್ಮನ ಹತ್ತಿರ ದಿನಾ ಆಡುವ ಮಾತಿನಲ್ಲೇ ಇತ್ತು. ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ನಾನು ಹೊರಡುವ ದಿನ ಹುಡುಗಿ ಒಂದು ಪುಟ ಗಟ್ಟಿಯಾಗಿ ಓದಿದಳು. 'ಟೀ' ಇನ್ನೂ ನಮ್ಮ ಟಕಾರವೇ. ಇರಲಿ ಬಿಡಿ, ಕೇಳಿದವರಿಗೆ ಅರ್ಥವಾಗುತ್ತದೆ. ಅವಳಿಗೆ ಅಮೆರಿಕಾದವರ ನಾಲಿಗೆ ಬೇಕಿರಲಿಲ್ಲ, ತನ್ನ ನಾಲಿಗೆಯ ಮೇಲೆ ನಂಬಿಕೆ ಬೇಕಿತ್ತು.

ಕೊಂಕಣಿಯವರ 'ಜಾಯ್'ನಲ್ಲಿ ಇಂಗ್ಲಿಷಿನ ಜೀಬ್ರಾದ ಹತ್ತಿರದ ದನಿ ಇದೆ. ನಿಮ್ಮ ಮನೆಮಾತಿನಲ್ಲಿ ಏನಿದೆ? ಒಮ್ಮೆ ಕಿವಿಗೊಟ್ಟು ನೋಡಿ..