ತಿಪ್ಪೆಗೆ ಹೋಗುವ ಸಿಪ್ಪೆಗೂ ಒಂದು ಲೆಕ್ಕ ಇದೆ

ನಮ್ಮ ಐದು ತಾಲ್ಲೂಕುಗಳನ್ನು ಒಂದು ವರ್ಷ ಸುತ್ತಿದರೆ ತರಹೇವಾರಿ ಸಿಪ್ಪೆ ಕಾಣುತ್ತೆ. ಕೂಡ್ಲಿಗಿಯಲ್ಲಿ ಹುಣಸೆ ಬಡಿದು ತೆಗೆದ ಬೀಜ, ಕೊಟ್ಟೂರಲ್ಲಿ ಶೇಂಗಾ ಹುರಿದು ಉಜ್ಜಿದಾಗ ಉದುರುವ ಕೆಂಪು ಹೊಟ್ಟು, ಹಡಗಲಿ-ಹರಪನಹಳ್ಳಿ ಕಡೆ ಈರುಳ್ಳಿ ಹಸನು ಮಾಡಿದ ಜಾಗದಲ್ಲಿ ಗಾಳಿಗೆ ಹಾರುವ ಪೊರೆ, ಹಗರಿಬೊಮ್ಮನಹಳ್ಳಿಯ ಜ್ಯೂಸ್ ಅಂಗಡಿ ಬುಟ್ಟಿಯಲ್ಲಿ ದಾಳಿಂಬೆ ಸಿಪ್ಪೆ. ಬೀಜಕ್ಕೆ ಹೇಗೋ ಗಿರಾಕಿ ಸಿಗ್ತಾರೆ. ಉಳಿದದ್ದೆಲ್ಲ ತಿಪ್ಪೆಗೆ.

ಹಳೇ ಶೇಂಗಾ ಎಣ್ಣೆ ಕಮಟು ವಾಸನೆ ಹೊಡೆಯೋದು ನಿಮಗೂ ಗೊತ್ತು. ಎಣ್ಣೆ ಗಾಳಿಯ ಆಮ್ಲಜನಕದ ಜತೆ ಸೇರಿ ಹಾಗೆ ಕೆಡುತ್ತೆ. ಅದನ್ನು ತಡೆಯುವ ವಸ್ತುವೇ ಆ್ಯಂಟಿಆಕ್ಸಿಡೆಂಟ್. ಕುರುಕಲು ತಿಂಡಿಯ ಪೊಟ್ಟಣದ ಹಿಂದೆ ಐಎನ್‌ಎಸ್ 319 ಅಂತ ಇದ್ದರೆ ಅದು ಟಿಬಿಎಚ್‌ಕ್ಯೂ, ಕಾರ್ಖಾನೆಯಲ್ಲಿ ತಯಾರಾದದ್ದು. 392 ಅಂತ ಇದ್ದರೆ ರೋಸ್‌ಮೆರಿ ಎಲೆಯ ಸಾರ. ಎಲೆಯಿಂದ ತೆಗೆಯಬಹುದಾದರೆ ಬಿಸಾಡುವ ಸಿಪ್ಪೆಯಿಂದ ಯಾಕಾಗಬಾರದು?

ಆಗುತ್ತೆ. ಬಿಸಿಲು, ಹುಳ, ಬೂಸ್ಟು ಮೊದಲು ತಾಗೋದು ಸಿಪ್ಪೆಗೇ. ಗಿಡ ತನ್ನ ಕಾವಲಿನ ಸರಕನ್ನು ಹೆಚ್ಚಾಗಿ ಅಲ್ಲೇ ಇಡುತ್ತೆ. ಈರುಳ್ಳಿಯ ಒಣ ಹೊರಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಅಂಶ ಒಳಗಿನ ಪದರಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ. ಶೇಂಗಾದ ಕೆಂಪು ಸಿಪ್ಪೆ ಕಾಳಿನ ತೂಕದಲ್ಲಿ ಸುಮಾರು ಶೇ. 3 ಅಷ್ಟೇ, ಆದರೆ ಚಹಾದಲ್ಲಿರುವ ಕ್ಯಾಟೆಚಿನ್ ಬಳಗದ ಅಂಶಗಳು ಅದರಲ್ಲಿ ತುಂಬಿವೆ. ಹುಣಸೆ ಬೀಜದ ಬಿಳಿ ತಿರುಳು ಪುಡಿಯಾಗಿ ನೂಲಿಗೆ ಗಂಜಿ ಹಾಕಲು ಗಿರಣಿಗಳಿಗೆ ಹೋಗುತ್ತೆ. ಬೀಜದ ತೂಕದಲ್ಲಿ ಶೇ. 20ರಿಂದ 30 ಇರುವ ಕಂದು ಸಿಪ್ಪೆಯಲ್ಲಿ ಟ್ಯಾನಿನ್ ಹೇರಳ.

ಇದು ಹೊಸ ಸುದ್ದಿಯೂ ಅಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2002ರಲ್ಲೇ ದಾಳಿಂಬೆಯ ಸಿಪ್ಪೆ ಮತ್ತು ಬೀಜದ ಸಾರ ತೆಗೆದು ಹೋಲಿಸಿದ್ದರು. ಸಿಪ್ಪೆಯ ಸಾರಕ್ಕೇ ಬಲ ಹೆಚ್ಚಿತ್ತು. 2008ರಲ್ಲಿ ಅಲ್ಲಿಯವರೇ ಮಾವಿನ ಸಿಪ್ಪೆಯ ಪುಡಿ ಸೇರಿಸಿ ಬಿಸ್ಕತ್ತು ಮಾಡಿದ್ದನ್ನು ಪ್ರಕಟಿಸಿದರು.

ಇಷ್ಟೆಲ್ಲ ನಾನು ಓದಿದ್ದು ತಮ್ಮನ ಕಾರಣಕ್ಕೆ. ಈರುಳ್ಳಿ ರೇಟು ಬಿದ್ದ ವರ್ಷ ಅವನು ಬೆಂಗಳೂರಿಗೆ ಫೋನ್ ಮಾಡಿ, “ಅಕ್ಕಾ, ಗಡ್ಡಿಗೆ ರೇಟಿಲ್ಲ, ಸಿಪ್ಪಿಗೆ ಐತಂತ. ಮಷಿನ್ ತರಾಣ. ಎರಡೆಕರೆ ಅಡ ಇಡಾಕ ಅಪ್ಪನೂ ಒಪ್ಪ್ಯಾನ” ಅಂದ. ಜತೆಗೆ ಒಂದು ರೀಲ್ ಕಳಿಸಿದ. ನಮ್ಮದು ಇರೋದೇ ನಾಲ್ಕೆಕರೆ.

ನಾನು ಕೋಡ್ ಬರೆಯೋಳು. ಕೆಮಿಸ್ಟ್ರಿ ಮುಗಿದಿದ್ದು ಎಂಜಿನಿಯರಿಂಗ್ ಮೊದಲ ವರ್ಷಕ್ಕೆ. ಆದರೂ ಕೆಲಸವನ್ನು ಹಂತಗಳಾಗಿ ಒಡೆಯೋದು ಗೊತ್ತು. ಸಿಪ್ಪೆ ಒಣಗಿಸಬೇಕು, ಪುಡಿ ಮಾಡಬೇಕು, ನೀರು ಬೆರೆಸಿದ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಬೇಕು. ಆಮೇಲೆ ಒತ್ತಡ ತಗ್ಗಿಸಿ, ಕಡಿಮೆ ಶಾಖದಲ್ಲೇ ದ್ರವ ಆರಿಸಬೇಕು. ಜೋರು ಉರಿ ಕೊಟ್ಟರೆ ಬೇಕಾದ ಅಂಶವೇ ಹಾಳು. ಸಾರದ ಬಲ ನೋಡಲು ಡಿಪಿಪಿಎಚ್ ಅನ್ನುವ ನೇರಳೆ ದ್ರಾವಣ ಇದೆ. ಸಾರ ಚೆನ್ನಾಗಿದ್ದರೆ ನೇರಳೆ ಹೋಗಿ ಹಳದಿ ಆಗುತ್ತೆ.

ರೀಲ್‌ನಲ್ಲಿ ತೋರಿಸದ ಹಂತಗಳೂ ಇದ್ದವು. ಸ್ಪಿರಿಟ್‌ಗೆ ಅಬಕಾರಿ ಪರವಾನಗಿ ಬೇಕು, ಬೆಂಕಿಯ ಭಯ ಬೇರೆ. ಹೊಲಕ್ಕೆ ಹೊಡೆದ ಔಷಧಿ ಸಿಪ್ಪೆಯಲ್ಲಿ ಉಳಿದಿದ್ದರೆ ಅದೂ ಸಾರದ ಜತೆ ಇಳಿದು ಬರಬಹುದು. ಈರುಳ್ಳಿ ಮೇಲೆ ಕಪ್ಪು ಬೂಸ್ಟು ಇದ್ದರೆ ಆ ಸಿಪ್ಪೆ ಬೇಡವೇ ಬೇಡ. ಕೊಳ್ಳುವ ಕಂಪನಿಗೆ ಪ್ರತಿ ಸಲ ಒಂದೇ ಬಲದ ಮಾಲು ಬೇಕು. “ಕೊಳ್ಳೋರು ಯಾರು?” ಅಂದೆ. ತಮ್ಮ ಸುಮ್ಮನಾದ.

ಕೊನೆಗೆ ಹೊಲ ಅಡ ಇಡೋದು ಬೇಡ ಅಂತ ಆಯ್ತು. ಮೊದಲ ಹಂತ ಮಾತ್ರ ನಮ್ಮದು. ಬೂಸ್ಟಿಲ್ಲದ ಸಿಪ್ಪೆ ಆರಿಸಿ, ನೆರಳಲ್ಲಿ ಒಣಗಿಸಿ, ಯಾವ ಹೊಲದ್ದು, ಏನು ಔಷಧಿ ಹೊಡೆದದ್ದು ಅಂತ ಚೀಲದ ಮೇಲೆ ಬರೆಯೋದು. ಒಂದು ಚೀಲ ಲ್ಯಾಬಿಗೆ ಕಳಿಸೋದು. ಪರೀಕ್ಷೆಯ ಖರ್ಚು ನನ್ನದು. ಮಷಿನ್ ಮಾತು ರಿಪೋರ್ಟ್ ಬಂದು, ಕೊಳ್ಳೋರು ಸಿಕ್ಕ ಮೇಲೆ.

ಕೂಡ್ಲಿಗಿಯ ಚಿಗವ್ವ ಮೂವತ್ತು ವರ್ಷದಿಂದ ಕೂಲಿಗೆ ಹುಣಸೆ ಬೀಜ ಬಿಡಿಸುತ್ತಾಳೆ. ಯಾವುದು ಹಸನು, ಯಾವುದು ಹುಳುಕು ಅಂತ ಕೈಯಲ್ಲಿ ಹಿಡಿದರೆ ಸಾಕು, ಅವಳಿಗೆ ತಿಳಿಯುತ್ತೆ. ಈ ಕೆಲಸಕ್ಕೆ ಬೇಕಾದ್ದೂ ಅದೇ ಕೈ. ವಿಷಯವೆಲ್ಲ ಕೇಳಿ ಅವಳು ಅಂದದ್ದು ಒಂದೇ ಮಾತು: “ಆರಿಸೋರಿಗೆ ಕಿಲೋಕ್ಕ ಎಷ್ಟು ಕೊಡ್ತೀರವ್ವ?” ನಾನು ಬರೆದ ಹಾಳೆಯಲ್ಲಿ ಆ ಸಾಲೇ ಇರಲಿಲ್ಲ. ಈಗ ಎಲ್ಲಕ್ಕಿಂತ ಮೇಲೆ ಸೇರಿಸಿದ್ದೇನೆ.

ಅಲ್ಲಿವರೆಗೆ ನೀವೊಂದು ಮಾಡಿ. ಹುರಿದ ಶೇಂಗಾ ತಿನ್ನುವಾಗ ಕೆಂಪು ಸಿಪ್ಪೆ ಊದಿ ಹಾರಿಸಬೇಡಿ, ಸಮೇತ ತಿನ್ನಿ. ಅದಕ್ಕೆ ಯಾವ ಮಷಿನ್ನೂ ಬೇಡ.